ಅಗಲ ಟಯರಿನ ಆಸೆ

ಮನೆಯಲ್ಲಿ ಕಾರಿದ್ದೂ ಅದನ್ನು ಓಡಿಸಲು ಬಾರದ ಗಂಡಸಿನ ಪಾಡು, ಮದುವೆ ಮನೆಯಲ್ಲಿ ವರನ ಅಕ್ಕನ ಗಂಡನ ಪಾಡಿನ ಹಾಗೆ. ಅವನಿಗೆ ಮರ್ಯಾದೆ ಇರುತ್ತದೆ, ಕೆಲಸ ಇರುವುದಿಲ್ಲ. ಹೋದಲ್ಲೆಲ್ಲ ‘ಕುಂದರ್ರಿ, ಕುಂದರ್ರಿ’ ಎಂದು ಕುರ್ಚಿ ಕೊಡುತ್ತಾರೆ. ಅವನು ಕೂತಲ್ಲಿ ಕೂರಲಾರದೆ ಎದ್ದು ಅಡಿಗೆಯವರ ಹತ್ತಿರ ಹೋಗಿ, ಸಾರಿಗೆ ಉಪ್ಪು ಸಾಲದು ಎಂದು ಹೇಳಿ ಬರುತ್ತಾನೆ. ಸಾರು ಕೆಡುವುದು ಅಲ್ಲಿಂದಲೇ. ನಮ್ಮ ಮನೆಯ ಕಾರಿನ ಮಟ್ಟಿಗೆ ಆ ಭಾವನ ಸ್ಥಾನ ನನ್ನದು.

ಕಾರು ನನ್ನ ಹೆಂಡತಿ ಸುನಂದಾಳದು. ಅವಳು ನರ್ಸು. ದಾಂಡೇಲಿಯಿಂದ ದಿನಾ ಬೆಳಿಗ್ಗೆ ಹೊರಟು, ಜೋಯಿಡಾ ತಾಲೂಕಿನ ಕಾಡಿನ ನಡುವಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಹೋಗಿ ಸಂಜೆ ಬರುತ್ತಾಳೆ. ನಾನು ಕಾಗದದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕಾರಕೂನ. ಯಾರು ಬಂದರು, ಯಾರು ಬರಲಿಲ್ಲ, ಯಾರಿಗೆ ಎಷ್ಟು ರಜೆ, ಯಾರ ಭತ್ಯೆ ಎಷ್ಟು ಎಂಬ ಲೆಕ್ಕ ನನ್ನದು. ಆಫೀಸು ಮನೆಯಿಂದ ನಡೆದು ಹೋಗುವಷ್ಟೇ ದೂರ. ಕಾರು ಕಲಿಯಲು ನಾನೂ ಪ್ರಯತ್ನ ಮಾಡಲಿಲ್ಲವೆಂದಲ್ಲ. ಕಲಿಸಲು ಬಂದಾತ ಬಹಳ ಸಭ್ಯ. ಒಂದು ವಾರ ನನ್ನ ಜೊತೆ ಮೈದಾನವೆಲ್ಲ ಸುತ್ತಿದ ಮೇಲೆ, ಹಣೆಯ ಬೆವರು ಒರೆಸಿಕೊಂಡು, “ಸರ್, ನೀವು ಬಾಜೂಕ ಕುಂತ್ರ ಭಾಳ ಚಂದ ಕಾಣಸ್ತೀರಿ ನೋಡ್ರಿ” ಎಂದ. ಆ ಪ್ರಮಾಣಪತ್ರ ಪಡೆದ ಮೇಲೆ ನಾನು ಎಡಗಡೆಯ ಬಾಗಿಲಿನಿಂದಲೇ ಕಾರು ಹತ್ತುತ್ತ ಬಂದಿದ್ದೇನೆ. ಆದರೂ ಮನೆಯ ಯಜಮಾನ ಅನ್ನಿಸಿಕೊಂಡ ಮೇಲೆ ಏನಾದರೊಂದು ಖಾತೆ ಕೈಯಲ್ಲಿರಬೇಕಲ್ಲ. ಹಾಗಾಗಿ ಕಾರು ತೊಳೆಯುವುದು, ಗಾಳಿ ಹೊಡೆಸಲು ನೆನಪು ಮಾಡುವುದು, ಯಾರಾದರೂ ‘ಗಾಡಿ ಹೆಂಗೈತ್ರಿ?’ ಎಂದು ಕೇಳಿದರೆ ಸುನಂದಾಳಿಗಿಂತ ಮೊದಲು ಉತ್ತರ ಕೊಡುವುದು, ಇಷ್ಟನ್ನು ನನ್ನ ಖಾತೆಯೆಂದು ನಾನೇ ಘೋಷಿಸಿಕೊಂಡಿದ್ದೆ.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಸುನಂದಾ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತ, “ರೀ, ಟಯರ್ ಎಲ್ಲಾ ಸವದು ಬೋಳ ಆಗ್ಯಾವ. ಹೆಂಗೋ ಮಳಿಗಾಲ ದಾಟಿದ್ವಿ. ಇನ್ನ ಹಾಕಿಸಿಬಿಡೂಣು. ಅದ ಸೈಜ್, ಅದ ಟಯರ್. ಮತ್ತೇನೂ ಬ್ಯಾಡ” ಎಂದಳು. ‘ಮತ್ತೇನೂ ಬ್ಯಾಡ’ ಎಂಬುದನ್ನು ಅವಳು ಸುಮ್ಮನೆ ಹೇಳಿರಲಿಲ್ಲ. ಹಿಂದೆ ಒಮ್ಮೆ ‘ಒಂದು ಮಿಕ್ಸರಿನ ಜಾರ್ ತರ್ರಿ’ ಎಂದು ಕಳಿಸಿದಾಗ ನಾನು ಊರೆಲ್ಲ ವಿಚಾರಿಸಿ ಒಂದು ಕಲ್ಲಿನ ಗ್ರೈಂಡರು ತಂದಿದ್ದೆ. ಅದನ್ನು ಎತ್ತಿ ಮೂಲೆಗಿಡಲು ಇಬ್ಬರು ಬೇಕಾದರು, ಅದು ಇನ್ನೂ ಅದೇ ಮೂಲೆಯಲ್ಲಿದೆ. ಆದರೆ ಟಯರು ಎಂಬುದು ಮಿಕ್ಸರಿನ ಜಾರಲ್ಲ. ಅದು ನನ್ನ ಖಾತೆ. ಖಾತೆಯ ಮಂತ್ರಿಗೆ ‘ಇದ್ದದ್ದನ್ನೇ ಮಾಡು’ ಎಂದರೆ ಅವನು ಮಂತ್ರಿಯಾದದ್ದು ಯಾಕೆ?

ಮರುದಿನ ಬೆಳಿಗ್ಗೆ ಕನ್ನಡಕ ಹಾಕಿಕೊಂಡು, ಕಾರಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಟಯರಿನ ಮಗ್ಗುಲು ಓದಿದೆ. ನೂರಾ ಅರವತ್ತೈದು, ಒಂದು ಓರೆ ಗೆರೆ, ಎಂಬತ್ತು, ಆರ್, ಹದಿನಾಲ್ಕು. ಇಷ್ಟು ವರ್ಷ ಆ ಅಂಕಿಗಳ ಮೇಲೆ ನೀರು ಹೊಯ್ದು ತಿಕ್ಕಿದ್ದೇನೆ, ಅರ್ಥ ಕೇಳಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದಾಗ ತಿಳಿಯಿತು: ಮೊದಲನೆಯ ಅಂಕಿ ಟಯರಿನ ಅಗಲ, ಅದು ಮಿಲಿಮೀಟರಿನಲ್ಲಿ. ಕೊನೆಯದು ಒಳಗಿನ ಕಬ್ಬಿಣದ ಚಕ್ರದ ಅಳತೆ, ಅದು ಇಂಚಿನಲ್ಲಿ. ನಡುವಿನ ಎಂಬತ್ತು ಟಯರಿನ ಗೋಡೆಯ ಎತ್ತರ, ಅದು ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ, ಶೇಕಡಾ. ಇದನ್ನು ಓದಿ ನನಗೆ ಆಶ್ಚರ್ಯವಾಯಿತು. ಮಿಲಿಮೀಟರಿನ ಮನೆಯ ಹೆಣ್ಣನ್ನು ಇಂಚಿನ ಮನೆಗೆ ಕೊಟ್ಟು, ಮಾತುಕತೆಗೆ ನಡುವೆ ಒಬ್ಬ ಶೇಕಡಾವಾರು ದಲ್ಲಾಳಿಯನ್ನು ಕೂರಿಸಿದ ಹಾಗಿತ್ತು. ಯಾವುದರ ಶೇಕಡಾ ಎಂದೂ ಅಲ್ಲೇ ಬರೆದಿತ್ತು. ಓದಿದೆ. ಓದಿದ್ದೆಲ್ಲ ತಲೆಯೊಳಗೆ ಇಳಿಯಬೇಕೆಂದು ಎಲ್ಲಿದೆ? ಅಷ್ಟರಲ್ಲಿ ಎದುರು ಮನೆಯವರು, “ಏನ್ರೀ, ಪಂಚರ್ ಆತೇನು?” ಎಂದರು. ನಾನು ಎದ್ದು ಅವರಿಗೆ ಅಗಲ, ಎತ್ತರ, ಇಂಚುಗಳ ವಿಷಯ ವಿವರಿಸತೊಡಗಿದೆ. ವಿವರಿಸತೊಡಗಿದ ಮೇಲೆ ಕಲಿಯುವುದು ನಿಂತುಹೋಯಿತು.

ಆ ಭಾನುವಾರ ಮೌಳಂಗಿಯ ಹೊಳೆ ದಂಡೆಯಲ್ಲಿ ತಿರುಗಾಡುವಾಗ ಹಂಚಿನಾಳ ಸಾಹೇಬರು ಸಿಕ್ಕರು. ಅವರು ಅಂಬಿಕಾನಗರದ ಕಾಲನಿಯಲ್ಲಿ ಬಹಳ ವರ್ಷ ಇದ್ದು, ವಿದ್ಯುತ್ತಿನ ಕೆಲಸದಿಂದ ನಿವೃತ್ತರಾಗಿ, ಈಗ ದಾಂಡೇಲಿಯಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ. ದೊಡ್ಡ ದೊಡ್ಡ ಯಂತ್ರಗಳ ಮಧ್ಯೆ ಬಾಳಿದವರಾದ್ದರಿಂದ ಸಣ್ಣದು ಯಾವುದೂ ಅವರಿಗೆ ಸರಿಬರುವುದಿಲ್ಲ. ನನ್ನ ಮಾತು ಕೇಳಿ ಕೈಯಲ್ಲಿದ್ದ ಕೋಲನ್ನು ಮರಳಿನಲ್ಲಿ ಊರಿ, “ನೂರಾ ಅರವತ್ತೈದು? ಅದು ಟಯರೇನ್ರಿ? ಅದು ಚಕ್ಕಲಿ. ಜೋಯಿಡಾ ಕಡೆ ಹೋಗೂ ಗಾಡಿಗೆ ಅಗಲ ಟಯರ್ ಬೇಕು. ಆನಿ ಕಾಲು ನೋಡೀರಿಲ್ಲೊ? ಆನಿ ಎಂದಾದ್ರೂ ಕೆಸರಾಗ ಜಾರಿ ಬಿದ್ದದ್ದು ಕೇಳೀರೇನು?” ಎಂದರು. ಆನೆ ಜಾರಿ ಬಿದ್ದದ್ದನ್ನು ನಾನು ನಿಜವಾಗಿಯೂ ಕೇಳಿರಲಿಲ್ಲ. ಮನೆಗೆ ಬಂದು ಮುಂಡಗೋಡ ಹತ್ತಿರದ ಸನವಳ್ಳಿಯಲ್ಲಿರುವ ಸುನಂದಾಳ ತಮ್ಮನಿಗೆ ಫೋನು ಮಾಡಿ ಅಭಿಪ್ರಾಯ ಕೇಳಿದೆ. ಅವನದು ಟ್ರ್ಯಾಕ್ಟರು. “ಮಾಮಾ, ಅಗಲ ಇದ್ದಷ್ಟು ಚಲೋ. ನಮ್ಮ ಟ್ರ್ಯಾಕ್ಟರಿನ ಹಿಂದಿನ ಗಾಲಿ ನೆನಸ್ಕೊರಿ” ಎಂದ. ಆನೆ ಮತ್ತು ಟ್ರ್ಯಾಕ್ಟರು ಎರಡೂ ಒಂದೇ ಕಡೆ ಸಾಕ್ಷಿ ಹೇಳಿದ ಮೇಲೆ ಇನ್ನು ವಿಚಾರಣೆ ಯಾತಕ್ಕೆ? ನೂರಾ ಎಂಬತ್ತೈದು ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಸುನಂದಾ ಮಾತ್ರ ಒಂದು ಪ್ರಶ್ನೆ ಕೇಳಿದಳು. ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ, “ಗಾಡಿ ಎತ್ತರ ಆಗೂದಿಲ್ಲಲ್ಲ? ತಿರುವಿನ್ಯಾಗ ನನಗ ಅಂಜಿಕಿ ಬರತೈತಿ” ಎಂದಳು.

“ಎತ್ತರ ಹೆಂಗ ಆಗತೈತಿ? ಎಂಬತ್ತು ಇದ್ದದ್ದು ಎಂಬತ್ತ ಇರತೈತಿ. ನಾ ಬದಲು ಮಾಡೂದು ಬರೇ ಅಗಲ.”

“ಖರೇನ?”

“ಹಗಲೆಲ್ಲ ಲೆಕ್ಕಾ ಮಾಡಾವ್ರು ಯಾರು? ನೀಯೋ ನಾನೋ?”

“ಆತು ಬಿಡ್ರಿ” ಎಂದು ಅವಳು ಪಲ್ಯಕ್ಕೆ ಕೈ ಹಾಕಿದಳು. ನನ್ನ ಮೇಲಿನ ನಂಬಿಕೆಯಿಂದಲೋ ದಣಿವಿನಿಂದಲೋ ಗೊತ್ತಿಲ್ಲ. ಈಗ ಯೋಚಿಸಿದರೆ ದಣಿವೇ ಇರಬೇಕು.

ದಾಂಡೇಲಿಯ ಅಂಗಡಿಗಳಲ್ಲಿ ನಾನು ಕೇಳಿದ ಅಳತೆಯದು ಸಿಗಲಿಲ್ಲ. ಹಳಿಯಾಳದಲ್ಲಿ ಟಯರಿನ ಅಂಗಡಿ ಇಟ್ಟಿರುವ ಇಮ್ತಿಯಾಜ್ ಭಾಯಿ ಎಂಬವರು ತರಿಸಿ ಕೊಡುತ್ತೇನೆಂದರು. ಸುನಂದಾಳ ರಜೆಯ ದಿನ ಇಬ್ಬರೂ ಹೋದೆವು. ಅವಳು ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿ, ಹಳಿಯಾಳಕ್ಕೆ ಮದುವೆಯಾಗಿ ಬಂದಿರುವ ಗೆಳತಿಯ ಮನೆಗೆ ಹೋದಳು. ಇಮ್ತಿಯಾಜ್ ಭಾಯಿಯವರದು ಯಾರಿಗೂ ‘ಇಲ್ಲ’ ಎನ್ನಲಾರದ ಸ್ವಭಾವ. ಅಂಥವರು ಅಂಗಡಿ ಇಡಬಾರದು, ನನ್ನಂಥವರು ಅಂಥವರ ಅಂಗಡಿಗೆ ಹೋಗಬಾರದು.

“ಸರ್, ಇದು ಸಣ್ಣ ಗೂಡ್ಸ್ ಗಾಡಿಗೆ ಹಾಕೂದ್ರಿ. ಸಾಮಾನು ಹೊರೂ ಗಾಡಿಗೆ. ಗಟ್ಟಿ ಭಾಳ ಐತಿ” ಎಂದರು ಅವರು, ಟಯರನ್ನು ಉರುಳಿಸಿಕೊಂಡು ಬಂದು.

“ಗಟ್ಟಿ ಇರೂದು ತಪ್ಪೇನ್ರಿ?”

“ಅಲ್ರೀ, ಗಟ್ಟಿ ಇರೂದು ಛಲೋನ.”

“ನಮ್ಮ ಗಾಡಿಗೆ ಕೂಡ್ತೈತಲ್ಲ?”

“ಕೂಡಸೂಣ್ರಿ. ಕೂಡ್ದ ಎಲ್ಲಿ ಹೋಗತೈತಿ?”

ಕೂಡಿಸಿದರು. ಸ್ಟೇರಿಂಗನ್ನು ಈ ಕಡೆ ಪೂರ್ತಿ, ಆ ಕಡೆ ಪೂರ್ತಿ ತಿರುಗಿಸಿ ನೋಡಿದರು. ಖಾಲಿ ಕಾರು, ಸಮನಾದ ನೆಲ, ಏನೂ ತಾಗಲಿಲ್ಲ. “ನೋಡ್ರಿ ಸರ್, ಮಖ್ಖನ್, ಬೆಣ್ಣಿ ಇದ್ದಂಗ” ಎಂದರು. ನಾನು ಸ್ವಲ್ಪ ದೂರ ನಿಂತು ಕಾರನ್ನು ನೋಡಿದೆ. ನಮ್ಮ ಸಾಧು ಕಾರಿಗೆ ಕುಸ್ತಿಪಟುವಿನ ಕಾಲು ಬಂದಿದ್ದವು. ಗೆಳತಿಯ ಮನೆಯಿಂದ ಬಂದ ಸುನಂದಾ ಕಾರಿನ ಸುತ್ತ ಒಂದು ಸುತ್ತು ಬಂದು, “ಏನೋ ಎತ್ತರ ಆದಂಗ ಕಾಣಸ್ತೈತಿ” ಎಂದಳು. “ಹೊಸಾ ಚಪ್ಪಲ್ ಹಾಕ್ಕೊಂಡ್ರ ಮನಶ್ಯಾನೂ ಎತ್ತರ ಕಾಣಸ್ತಾನ” ಎಂದೆ. ಇಮ್ತಿಯಾಜ್ ಭಾಯಿ ಜೋರಾಗಿ ನಕ್ಕು ನನ್ನ ಪಕ್ಷ ವಹಿಸಿದರು.

ಮುಂದಿನ ಕೆಲವು ದಿನ ನನ್ನ ಜೀವನದ ಸುವರ್ಣಕಾಲ. ಹೊಂಡಗಳಲ್ಲಿ ಕಾರಿನ ಹೊಟ್ಟೆ ತಾಗುವುದು ನಿಂತಿತು. ಸ್ಟೇರಿಂಗ್ ಭಾರವಾಗಿದೆ, ಸೀಟು ಕುಕ್ಕುತ್ತದೆ ಎಂದು ಸುನಂದಾ ಅಂದಳು. ಹೊಸತರಲ್ಲಿ ಹಾಗೇ ಎಂದೆ. ಇನ್ನೊಂದು ಪವಾಡವೂ ನಡೆಯಿತು. ಕಾರಿನ ಮೀಟರಿನ ಪ್ರಕಾರ ಉಪಕೇಂದ್ರದ ದಾರಿ ಮೊದಲಿಗಿಂತ ಕಡಿಮೆಯಾಗಿತ್ತು! ಯಾವ ಸರಕಾರದಿಂದಲೂ ಆಗದ್ದನ್ನು ನಾಲ್ಕು ಟಯರು ಮಾಡಿ ಜೋಯಿಡಾವನ್ನು ದಾಂಡೇಲಿಯ ಹತ್ತಿರಕ್ಕೆ ಎಳೆದು ತಂದಿದ್ದವು. ಇದನ್ನು ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಟಯರು ದೊಡ್ಡದಾದಾಗ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರು ಪಾಪ ಹಳೆಯ ಸುತ್ತನ್ನೇ ಎಣಿಸುತ್ತದೆ, ಅಂದರೆ ಟಯರಿನ ಎತ್ತರ ಬದಲಾಗಿದೆ ಎಂದು ಕಾರೇ ಬಾಯಿಬಿಟ್ಟು ಹೇಳುತ್ತಿದೆ ಎಂಬುದು ನನಗೂ ಹೊಳೆಯಲಿಲ್ಲ, ಆಫೀಸಿನಲ್ಲಿ ಕೇಳಿದವರಿಗೂ ಹೊಳೆಯಲಿಲ್ಲ.

ಹೀಗಿರುವಾಗ ಪೋಲಿಯೋ ಹನಿ ಹಾಕುವ ಭಾನುವಾರ ಬಂತು. ಅಂದು ಸುನಂದಾಳಿಗೆ ಡ್ಯೂಟಿ, ನನಗೆ ರಜೆ. ಮಣ್ಣಿನ ರಸ್ತೆಯಲ್ಲಿ ಟಯರಿನ ಪ್ರತಾಪವನ್ನು ಕಣ್ಣಾರೆ ನೋಡಬೇಕೆಂದು ನಾನೂ ಹೊರಟೆ. ಹಳ್ಳಿಯ ಶಾಲೆಯ ಕಟ್ಟೆಯ ಮೇಲೆ ಮಧ್ಯಾಹ್ನದ ತನಕ ಮಕ್ಕಳ ಬಾಯಿಗೆ ಹನಿ ಬಿದ್ದವು. ನಾನು ದೊಡ್ಡವರಿಗೆ ಟಯರು ತೋರಿಸಿದೆ. ಇನ್ನೇನು ಬುತ್ತಿ ಬಿಚ್ಚಬೇಕು, ಅಷ್ಟರಲ್ಲಿ ಇನಾಸ್ ಎಂಬ ತರುಣ ಗದ್ದೆಯ ಕಡೆಯಿಂದ ಓಡಿ ಬಂದ. ಅವನು ಆ ಊರಿನ ಸಿದ್ದಿ ಕುಟುಂಬದವನು. ಹೆಂಡತಿ ರೋಜಿಗೆ ಚೊಚ್ಚಲ ಬಸಿರು. ಆ ಊರಿನವರಿಗೆಲ್ಲ ಸುನಂದಾ ‘ಬಾಯಿ’. “ಬಾಯಿ, ರೋಜೀಗೆ ಹೆರಿಗಿ ಬ್ಯಾನಿ ಚಾಲೂ ಆಗೈತಿ” ಎಂದ. ಸುನಂದಾಳ ಮುಖ ಬದಲಾಯಿತು. ರೋಜಿಗೆ ದಿನ ಇನ್ನೂ ತುಂಬಿರಲಿಲ್ಲ, ರಕ್ತದೊತ್ತಡ ಬೇರೆ ಏರಿತ್ತು. ಹೆರಿಗೆ ದವಾಖಾನೆಯಲ್ಲೇ ಆಗಬೇಕೆಂದು ಸುನಂದಾ ಮೊದಲಿನಿಂದ ಅವರ ಮನೆಯವರಿಗೆ ಹೇಳುತ್ತಲೇ ಇದ್ದಳು. ಆಂಬುಲೆನ್ಸಿಗೆ ಫೋನು ಮಾಡಿದರೆ ಅದು ಇನ್ನೊಬ್ಬ ರೋಗಿಯನ್ನು ಕರೆದುಕೊಂಡು ಕಾರವಾರದ ದಾರಿ ಹಿಡಿದಿತ್ತು. ಅವಳು ರೋಜಿಯನ್ನು ಪರೀಕ್ಷಿಸಿ ಬಂದು, “ಕಾಯೂ ಹಂಗಿಲ್ಲ. ನಮ್ಮ ಗಾಡ್ಯಾಗ ಜೋಯಿಡಾಕ್ಕ ಹೋಗೂಣು. ಹತ್ರಿ ಎಲ್ಲಾರೂ” ಎಂದಳು.

ಹಿಂದಿನ ಸೀಟಿನಲ್ಲಿ ನಡುವೆ ರೋಜಿ, ಒಂದು ಕಡೆ ಇನಾಸ್, ಇನ್ನೊಂದು ಕಡೆ ಇನಾಸನ ತಾಯಿ ಕತ್ರಿನಾ ಬಾಯಿ. ಕತ್ರಿನಾ ಬಾಯಿ ಗಟ್ಟಿಮುಟ್ಟಾದ ಹೆಂಗಸು; ಬಿದಿರು ಕಡಿದು, ಭತ್ತ ನೆಟ್ಟು ಬೆಳೆದ ತೋಳು, ಯಾರ ಮುಲಾಜೂ ಇಲ್ಲದ ಮಾತು. ಮುಂದೆ ಎಡಗಡೆ ನಾನು, ಎಂದಿನ ಸ್ಥಾನದಲ್ಲಿ. ಮಣ್ಣಿನ ರಸ್ತೆಯನ್ನು ಕಾರು ಸುಖವಾಗಿ ದಾಟಿತು. “ನೋಡಿದ್ಯಾ?” ಎಂದು ಸುನಂದಾಳ ಕಡೆ ನೋಡಿದೆ. ಅವಳು ನೋಡಲಿಲ್ಲ. ಡಾಂಬರು ರಸ್ತೆ ಸೇರಿ, ತಿರುವುಗಳು ಶುರುವಾದವು. ಮೊದಲನೆಯ ಬಲ ತಿರುವಿಗೆ ಕಾರು ನನ್ನ ಕಡೆ ವಾಲಿತು. ಆಗ ಸರಿಯಾಗಿ ನನ್ನ ಕಾಲ ಬುಡದಲ್ಲಿ ಶಬ್ದ ಬಂತು: ಗರ್ರ್...

ಏನೋ ಕಡ್ಡಿ ಸಿಕ್ಕಿರಬೇಕು ಎಂದೆ. ಮುಂದಿನ ತಿರುವಿಗೂ ಅದೇ ಕಡ್ಡಿ ಸಿಕ್ಕಿತು. ಅದರ ಮುಂದಿನದಕ್ಕೂ ಸಿಕ್ಕಿತು. ಹಿಂದೆ ರೋಜಿ ನೋವಿಗೆ “ಆಯೀ...” ಎಂದಾಗ ಕೆಳಗೆ ಟಯರು ಗರ್ರ್ ಎನ್ನುತ್ತಿತ್ತು. ಕತ್ರಿನಾ ಬಾಯಿ ಸೊಸೆಯ ಬೆನ್ನು ನೀವುತ್ತ, “ಇದೇನ್ರಿ ಬಾಯಿ, ಗಾಡಿನೂ ಬ್ಯಾನಿ ತಿನ್ನಾಕ ಹತ್ತೇತಿ!” ಎಂದಳು. ಅಂಥ ನೋವಿನಲ್ಲೂ ರೋಜಿ ಒಂದು ಸಲ ನಕ್ಕಳು. ಸುನಂದಾ ನಗಲಿಲ್ಲ. ಅವಳ ಎರಡೂ ಕೈ ಸ್ಟೇರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ಬೆರಳಿನ ಗೆಣ್ಣು ಬೆಳ್ಳಗಾಗಿದ್ದವು. ಸ್ವಲ್ಪ ಹೊತ್ತಿನಲ್ಲಿ ರಬ್ಬರು ಸುಟ್ಟ ವಾಸನೆ ಬಂತು. ಅವಳು ಕಾರು ನಿಲ್ಲಿಸಿ ಇಳಿದು ನೋಡಿದಳು. ನಾನೂ ಇಳಿದೆ. ಎಡಗಡೆಯ ಮುಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಹಾಳೆ ಹರಿದು ಜೋತುಬಿದ್ದಿತ್ತು. ಹೊಸ ಟಯರಿನ ಅಂಚು, ಬೆಕ್ಕು ಪರಚಿದ ಹಾಗೆ, ಗೀರು ಗೀರಾಗಿತ್ತು. ಭಾರ ಬಿದ್ದು ಕಾರು ಕೆಳಗೆ ಕೂತು, ತಿರುಗಿದಾಗಲೆಲ್ಲ ಟಯರು ಮೈಗೆ ಉಜ್ಜುತ್ತಿತ್ತು. ಹೀಗೇ ಹೋದರೆ ಅದು ಯಾವ ತಿರುವಿನಲ್ಲಿ ಒಡೆಯುತ್ತದೆಂದು ಹೇಳುವಂತಿರಲಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಇಳಿಜಾರಿನ ಕಾಡು.

ಸುನಂದಾ ಪ್ಲಾಸ್ಟಿಕ್ಕನ್ನು ಕಿತ್ತು ಎಸೆದಳು. “ಭಾರ ಕಡಿಮಿ ಆಗಬೇಕು” ಎಂದಳು. ಯಾರ ಭಾರ ಎನ್ನಲಿಲ್ಲ. ಆದರೆ ಹಿಂದಿನ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಕತ್ರಿನಾ ಬಾಯಿ ನಿಮಿಷದಲ್ಲಿ ಇಡೀ ಕಾರಿನ ಹಾಜರಿ ತೆಗೆದುಬಿಟ್ಟಳು. “ಬಾಯಿ ಗಾಡಿ ಹೊಡೀಬೇಕು. ರೋಜಿ ಹಡೀಬೇಕು. ನಾ ಕೂಸು ಹಿಡೀಬೇಕು. ಇನಾಸ ಆಕೀನ ಹೊತ್ತು ಒಳಗ ಒಯ್ಯಬೇಕು.” ಅಲ್ಲಿಗೆ ನಿಲ್ಲಿಸಿ, ಬಹಳ ಮರ್ಯಾದೆಯಿಂದ ನನ್ನ ಕಡೆ ತಿರುಗಿದಳು. “ಸಾಹೇಬ್ರ, ನೀವೇನ ಮಾಡೋರು?”

ಇಷ್ಟು ವರ್ಷದ ಸೇವೆಯಲ್ಲಿ ಎಷ್ಟೋ ಜನರ ಹಾಜರಿ ತೆಗೆದಿದ್ದೇನೆ. ಯಾರನ್ನೂ ಇಷ್ಟು ಸರಳವಾದ ಪ್ರಶ್ನೆ ಕೇಳಿರಲಿಲ್ಲ. “ನಾ ಇಲ್ಲೇ ಇರತೇನ್ರಿ” ಎಂದೆ. ಸುನಂದಾ ಸೀಟಿನಲ್ಲಿ ಕೂತು, ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. “ನೆರಳಾಗ ನಿಂದರ್ರಿ” ಎಂದಳು. ಬೈಗುಳಕ್ಕೆ ಸಿದ್ಧನಾಗಿ ನಿಂತವನಿಗೆ ಆ ಎರಡು ಮಾತು ಬೈಗುಳಕ್ಕಿಂತ ಜೋರಾಗಿ ತಾಗಿದವು. ಕಾರು ಹೊರಟಿತು. ನನ್ನ ಬದಿಯ ಮೂಲೆ ಒಂದು ಬೆರಳಿನಷ್ಟು ಮೇಲೆದ್ದಿತ್ತು. ಮುಂದಿನ ಬಲ ತಿರುವನ್ನು ಕಾರು ಸದ್ದಿಲ್ಲದೆ ದಾಟಿ ಮರೆಯಾಯಿತು.

ಕಾಡಿನ ರಸ್ತೆಯಲ್ಲಿ ಒಬ್ಬನೇ ನಿಂತವನಿಗೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ನನಗೆ ಮೊದಲು ಹಸಿವು ಬಂತು; ಬುತ್ತಿ ಕಾರಿನಲ್ಲಿ ಹೋಗಿತ್ತು. ಫೋನಿಗೆ ರೇಂಜ್ ಇರಲಿಲ್ಲ. ಜೋಯಿಡಾದ ಕಡೆ ನಡೆಯತೊಡಗಿದೆ. ನಡೆಯುತ್ತ, ಎಂಬತ್ತು ಇದ್ದದ್ದು ಎಂಬತ್ತೇ ಇರುವಾಗ ಎತ್ತರ ಹೇಗೆ ಏರಿತು ಎಂದು ತಲೆ ಕೆರೆದುಕೊಂಡೆ. ಎಂಬತ್ತು ಅಂದರೆ ಶೇಕಡಾ ಎಂಬತ್ತು. ಯಾವುದರ ಶೇಕಡಾ? ಅಗಲದ್ದು. ಅಗಲ ಏರಿದರೆ? ನಡುರಸ್ತೆಯಲ್ಲಿ ನಿಂತುಬಿಟ್ಟೆ. ಮೂಲವೇತನ ಏರಿದರೆ, ತುಟ್ಟಿಭತ್ಯೆಯ ಶೇಕಡಾ ಅಷ್ಟೇ ಇದ್ದರೂ ಭತ್ಯೆ ತಾನಾಗಿ ಏರುತ್ತದೆ! ಕಾರ್ಖಾನೆಯಲ್ಲಿ ಎಷ್ಟು ಜನ ನನ್ನ ಕಿಟಕಿಗೆ ಬಂದು ಈ ಮಾತನ್ನು ಕೇಳಿ ಬಿಡಿಸಿಕೊಂಡು ಹೋಗಿದ್ದಾರೆ. ‘ಶೇಕಡಾ ನೋಡಬ್ಯಾಡ್ರಿ, ಯಾವುದರ ಶೇಕಡಾ ಅಂಬೋದು ನೋಡ್ರಿ’ ಎಂದು ನಾನೇ ಗದರಿಸಿದ್ದೇನೆ. ಅಗಲವನ್ನು ಏರಿಸಿ ಎಂಬತ್ತನ್ನು ಹಾಗೇ ಬಿಟ್ಟದ್ದರಿಂದ ಟಯರಿನ ಗೋಡೆಯೂ ಏರಿತ್ತು. ಅಗಲ ಟಯರು ಬೇಕಿದ್ದರೆ ಎಂಬತ್ತನ್ನು ಎಪ್ಪತ್ತಕ್ಕೆ ಇಳಿಸಬೇಕಿತ್ತು. ಈ ಜ್ಞಾನೋದಯ ಆದದ್ದು ಅರಣ್ಯದಲ್ಲಿ, ಆಗಬೇಕಾಗಿದ್ದದ್ದು ಹಳಿಯಾಳದಲ್ಲಿ. ರೋಜಿಯ ‘ಆಯೀ’ ಇನ್ನೂ ಕಿವಿಯಲ್ಲಿತ್ತು. ಆಮೇಲೆ ಲೆಕ್ಕ ಮಾಡುವುದನ್ನು ಬಿಟ್ಟು, ನಾನು ನಂಬುವ ದೇವರು, ಕತ್ರಿನಾ ಬಾಯಿ ನಂಬುವ ದೇವರು ಇಬ್ಬರನ್ನೂ ಕರೆಯುತ್ತ ನಡೆದೆ.

ಹಿಂದಿನಿಂದ ಒಂದು ಸಣ್ಣ ಗೂಡ್ಸ್ ಗಾಡಿ ಬಂತು. ಅದರ ತುಂಬ ಗ್ಯಾಸ್ ಸಿಲಿಂಡರು. ಕೈ ಮಾಡಿದೆ. ಚಾಲಕ ರಾಮನಗರದ ಕಡೆಯವನು, “ಒಬ್ರ ಯಾಕ ಹೊಂಟೀರಿ ಸಾಹೇಬ್ರ? ಗಾಡಿ ಎಲ್ಲೈತಿ?” ಎಂದ.

“ಮುಂದ ಹೋತು.”

“ನಿಮ್ಮನ್ನ ಬಿಟ್ಟು?”

“ನನ್ನ ಬಿಟ್ಟದ್ದಕ್ಕ ಹೋತು” ಎಂದೆ.

ಅವನು ಮತ್ತೆ ಕೇಳಲಿಲ್ಲ. ಗಂಡ ಹೆಂಡಿರ ಜಗಳ ಎಂದುಕೊಂಡಿರಬೇಕು, ದಾರಿಯುದ್ದಕ್ಕೂ ನನ್ನ ಜೊತೆ ಬಹಳ ಮೃದುವಾಗಿ ಮಾತಾಡಿದ. ಹತ್ತುವಾಗ ಅವನ ಟಯರು ನೋಡಿದೆ. ನೂರಾ ಎಂಬತ್ತೈದು, ಎಂಬತ್ತು, ಹದಿನಾಲ್ಕು. ಅಷ್ಟೂ ಸಿಲಿಂಡರುಗಳ ಭಾರ ಹೊತ್ತು ತಿರುವುಗಳಲ್ಲಿ ಅವು ಪಿಟ್ಟೆನ್ನಲಿಲ್ಲ. ತಮ್ಮ ಮನೆಯಲ್ಲಿ ಅವು ಎಷ್ಟು ಸುಖವಾಗಿದ್ದವು!

ದವಾಖಾನೆಯ ಪಡಸಾಲೆಯಲ್ಲಿ ಸುನಂದಾ ಬೆಂಚಿನ ಮೇಲೆ ಕೂತಿದ್ದಳು. ಕೂದಲು ಕೆದರಿತ್ತು. ಕೈಯಲ್ಲಿ ಚಹಾದ ಲೋಟ. ಅವಳ ಮುಖ ನೋಡಿ ಏನಾಗಿದೆಯೆಂದು ತಿಳಿಯಲಿಲ್ಲ. “ಬಂದ್ರ್ಯಾ?” ಎಂದಳು. “ಹೆಣ್ಣ ಕೂಸು. ಸಣ್ಣದೈತಿ, ಆದ್ರ ಅಳೂ ದನಿ ದೊಡ್ಡದು. ಇಬ್ಬರೂ ಆರಾಮ ಅದಾರ.” ನಾನು ಅವಳ ಪಕ್ಕ ಕುಸಿದು ಕೂತೆ. ಆಮೇಲೆ ಅವಳು, “ಎಂಬತ್ತು ಎಂಬತ್ತ ಇರತೈತಿ ಅಂದಿದ್ರಿ” ಎಂದಳು. ನಾನು ತುಟ್ಟಿಭತ್ಯೆಯ ವಿಷಯ ಹೇಳಿದೆ. ಅವಳು ಕೇಳಿ ನಗತೊಡಗಿದಳು. ಲೋಟದ ಚಹಾ ಸೀರೆಯ ಮೇಲೆ ಚೆಲ್ಲುವಷ್ಟು ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು, ಬಂದದ್ದು ನಿಲ್ಲಲಿಲ್ಲ. “ಎಷ್ಟ ಅಂಜಿದ್ದೆ ಗೊತ್ತೇನ್ರಿ? ಟಯರ್ ಒಡದು ಆಕಿಗೇನರೆ ಆಗಿದ್ರ ನಾ ಆ ಊರಾಗ ಹೆಂಗ ಕಾಲ ಇಡತಿದ್ದೆ?” ಎಂದಳು. ನನ್ನ ಲೆಕ್ಕದಲ್ಲಿ ಅಗಲ, ಎತ್ತರ, ಇಂಚು ಎಲ್ಲ ಇದ್ದವು. ಸ್ಟೇರಿಂಗ್ ಹಿಡಿದು ಕೂತವಳ ಅಂಜಿಕೆಗೆ ಮಾತ್ರ ಜಾಗ ಇರಲಿಲ್ಲ. ಸಮಾಧಾನ ಹೇಳಲು ಬಾರದೆ ಅವಳ ಕೈಯಿಂದ ಲೋಟ ತೆಗೆದುಕೊಂಡು, ಉಳಿದ ಚಹಾವನ್ನು ನಾನೇ ಕುಡಿದುಬಿಟ್ಟೆ. ಹೊಟ್ಟೆ ಅಷ್ಟು ಹಸಿದಿತ್ತು. ಅದನ್ನು ನೋಡಿ ಅವಳಿಗೆ ಮತ್ತೆ ನಗು ಬಂತು.

ಆ ವಾರವೇ ಇಮ್ತಿಯಾಜ್ ಭಾಯಿ ಹಳೆಯ ಅಳತೆಯ ಟಯರು ಹಾಕಿಕೊಟ್ಟರು. ನಮ್ಮವನ್ನು ತೆಗೆದು ಯಾರೋ ಒಬ್ಬ ಗೂಡ್ಸ್ ಗಾಡಿಯವನಿಗೆ ದಾಟಿಸಿದರು. “ನಾ ಮೊದಲ ಹೇಳಬೇಕಂತ ಮಾಡಿದ್ದೆ ಸರ್. ನೀವು ಇಷ್ಟ ಆಸೆಲೆ ಬಂದಿದ್ರಿ, ಮನಸ ಆಗಲಿಲ್ಲ” ಎಂದರು. ಹಂಚಿನಾಳ ಸಾಹೇಬರಂತೂ ಕಥೆಯನ್ನೆಲ್ಲ ಕೇಳಿ, ತಾವು ಹೇಳಿದ್ದು ಅಗಲದ ಮಾತು, ಎತ್ತರದ ಮಾತಲ್ಲ, ಆನೆಯ ಕಾಲು ಅಗಲ ಇದ್ದರೂ ಅದರ ಹೊಟ್ಟೆಗೆ ಉಜ್ಜುವುದಿಲ್ಲ ಎಂದು ಬಿಡಿಸಿ ಹೇಳಿದರು.

ಕೆಲವು ತಿಂಗಳು ಕಳೆದ ಮೇಲೆ ಕೂಸಿನ ಬಾಪ್ತಿಸ್ಮ. ಇನಾಸ್ ಮನೆಗೇ ಬಂದು, ಇಬ್ಬರೂ ಬರಲೇಬೇಕು ಎಂದು ಕರೆದು ಹೋದ. ಇಗರ್ಜಿಯಲ್ಲಿ ಶಾಸ್ತ್ರ ಮುಗಿದು, ಅವರ ಮನೆಯ ಅಂಗಳದಲ್ಲಿ ಊಟ. ಯಲ್ಲಾಪುರ, ಹಳಿಯಾಳದ ಕಡೆಯಿಂದ ಬಂಧುಗಳು ಬಂದಿದ್ದರು. ಕತ್ರಿನಾ ಬಾಯಿ ಸುನಂದಾಳನ್ನು ಎಲ್ಲರ ಮುಂದೆ ನಿಲ್ಲಿಸಿ, “ಇವ್ರ ನೋಡ್ರಿ ನಮ್ಮ ಬಾಯಿ. ಇವ್ರಿಂದ ನಮ್ಮ ಕೂಸು ಉಳೀತು” ಎಂದಳು. ಆಮೇಲೆ ನನ್ನ ತೋಳು ಹಿಡಿದು, “ಇವ್ರು ಬಾಯಿಯವರ ಯಜಮಾನ್ರು. ಇವ್ರು ಇಳದವ್ರು” ಎಂದಳು.

“ಎಲ್ಲಿ ಇಳದ್ರು?” ಎಂದ ಒಬ್ಬ ಮುದುಕ.

“ನಡಾದಾರ್ಯಾಗ. ಆ ಕಾಡಿನ್ಯಾಗ ಒಬ್ರ. ಕೂಸಿನ ಸಲುವಾಗಿ.”

ಮುದುಕ ಎದ್ದು ಬಂದು ನನ್ನ ಎರಡೂ ಕೈ ಹಿಡಿದ. ಹೆಂಗಸರು ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ತಪ್ಪು ನಾನು ಹಾಕಿಸಿದ ಟಯರಿನದು ಎಂಬುದು ಅಲ್ಲಿ ಯಾರಿಗೂ ಹೊಳೆದಂತಿರಲಿಲ್ಲ; ಅವರ ಊರಿನಲ್ಲಿ ಕಥೆ ಹಾಗೆ ಬೆಳೆದುಬಿಟ್ಟಿತ್ತು. ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ನನ್ನ ಎಲೆಗೆ ಇನ್ನೊಂದು ದೊಡ್ಡ ಸೌಟು ಪಾಯಸ ಬಡಿಸಿದರು. ತೆರೆದ ಬಾಯಿಗೆ ಬೇರೆ ಕೆಲಸ ಸಿಕ್ಕಿತು. ಪಕ್ಕದ ಎಲೆಯಿಂದ ಸುನಂದಾ ಓರೆಗಣ್ಣಿನಿಂದ ನೋಡುತ್ತಿದ್ದಳು.

ಹೊರಡುವಾಗ ಕತ್ರಿನಾ ಬಾಯಿ ಒಂದು ಚೀಲ ಅಕ್ಕಿ, ಎರಡು ಕುಂಬಳಕಾಯಿ ಕಾರಿಗೆ ಹಾಕಿಸಿದಳು. ಹಳಿಯಾಳದ ಬಸ್ಸು ಹಿಡಿಯಬೇಕಾದ ಬಂಧುಗಳನ್ನು ಡಾಂಬರು ರಸ್ತೆಯ ತನಕ ಬಿಡಬೇಕೆಂದಳು. ಇಬ್ಬರು ಹೆಂಗಸರು ಮತ್ತು ಆ ಮುದುಕ ಹಿಂದೆ ಕೂತರು. ನಾನು ಮುಂದೆ ಎಡಗಡೆ ಕೂತು ಬಾಗಿಲು ಹಾಕಿಕೊಂಡೆ. ಆಗ ಇನ್ನೊಬ್ಬ ಅಜ್ಜಿ ಕೋಲು ಊರಿಕೊಂಡು ಮೆಲ್ಲಗೆ ಬಂದು ನಿಂತಳು. ಅವಳಿಗೂ ಬಸ್ಸು ಬೇಕಿತ್ತು. ಕಾರಿನಲ್ಲಿ ಜಾಗವಿರಲಿಲ್ಲ. ಅಂಗಳದ ಮಂದಿಯೆಲ್ಲ ಒಮ್ಮೆ ಅಜ್ಜಿಯನ್ನು ನೋಡಿದರು, ಆಮೇಲೆ ಬಹಳ ಗೌರವದಿಂದ, ತುಂಬು ಭರವಸೆಯಿಂದ, ನನ್ನನ್ನು ನೋಡಿದರು. ಸುನಂದಾ ಗಾಡಿ ಚಾಲೂ ಮಾಡಿ, ನೇರ ಮುಂದೆ ನೋಡುತ್ತ, ತುಟಿ ಬಿಗಿಹಿಡಿದು ಕೂತಿದ್ದಳು.

ಟಯರು ಈಗ ಸರಿಯಾದ ಅಳತೆಯವೇ ಆಗಿದ್ದವು. ನಾನು ಬಾಗಿಲು ತೆಗೆದು ಇಳಿದೆ.